ಗಚ್ಚು ಹಾಕದ ಕಲ್ಲು

“ಅಜ್ಜಾರ, ಜಾಂಬಿ ಸಿನಿಮಾದಾಗ ಬದುಕಿ ಉಳಿದವರು ಗೋಡೆ ಕಟ್ಟತಾರ, ಕಾಳು ಕೂಡಿಡತಾರ, ಕಾವಲು ಹಾಕತಾರ. ಆದ್ರೂ ಹೊರಗಿನವು ಒಳಗ ಬಂದೇ ಬರತಾವ. ಅವರ ತಯಾರಿ ಸಾಲದೇನ್ರಿ?” ಎಂದು ಶಿಷ್ಯ ಕೇಳಿದ.

ಗುರುಗಳು ಆ ದಿನ ಶಿಷ್ಯನ ಮನೆಗೆ ಬಂದಿದ್ದರು. ಬಾಗಿಲ ಬಳಿ ಇದ್ದ ಒಂದು ಜೊತೆ ಹಳೆಯ ತೊಗಲಿನ ಚಪ್ಪಲಿಯ ಪಕ್ಕದಲ್ಲಿ ತಮ್ಮ ಪಾದುಕೆ ಬಿಟ್ಟು ಕಟ್ಟೆಯ ಮೇಲೆ ಕುಳಿತಿದ್ದರು.

“ಜಾಂಬಿ ಅಂದ್ರ ಏನೋ ತಮ್ಮಾ?”

“ಸತ್ತು ಎದ್ದು ನಡಿಯೋ ಹೆಣ ರೀ. ತನ್ನವರ ಗುರುತು ಇರೂದಿಲ್ಲ. ಯಾರನ್ನ ಕಚ್ಚತಾವೋ ಅವರೂ ಹಂಗೇ ಆಗತಾರ.”

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರು. ಸತ್ತವರು ಏಳತೊಡಗಿದಾಗ ಅಲ್ಲಿ ಉಳಿದದ್ದು ಮೂವತ್ತು ಮನೆ. ಊರಿನ ಸುತ್ತ ಗೋಡೆ ಕಟ್ಟುವ ಕೆಲಸವನ್ನು ಒಬ್ಬ ಗೌಂಡಿಗೆ ವಹಿಸಿದರು. ಅವನ ಹೆಂಡತಿ ಮೊದಲ ವಾರದಲ್ಲೇ ಕಚ್ಚಿಸಿಕೊಂಡು ಹೊರಗಿನವರ ಜೊತೆ ಸೇರಿದ್ದಳು. ಅವನು ಅಳುತ್ತ ಕೂರಲಿಲ್ಲ. ಎರಡಾಳು ಎತ್ತರದ ಕಲ್ಲಿನ ಗೋಡೆ ಎಬ್ಬಿಸಿ ಕಲ್ಲುಗಳ ನಡುವೆ ಸುಣ್ಣದ ಗಚ್ಚು ತುಂಬಿದ. ಮನೆಗಳೆಲ್ಲ ಆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದವು. ಹೊರಗಿನವು ಬಂದವು, ಕೆರೆದವು, ಸೋತವು. ಏಳು ತಿಂಗಳು ಹಾಗೇ ಕಳೆಯಿತು.

ಹಿರಿಯರ ಅಮಾವಾಸ್ಯೆ ಬಂತು. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡಬೇಕು, ಹೆಸರು ಹಿಡಿದು ಮೂರು ಸಲ ಕರೆಯಬೇಕು, ಬಾಗಿಲು ತೆರೆದಿಡಬೇಕು. ಅಲ್ಲಿಯವರೆಗೆ ಮನೆಯವರು ಉಣ್ಣುವಂತಿಲ್ಲ. ಆ ಊರಿನ ನಡೆ ಅದು.

“ಈ ವರ್ಷ ಯಾರೂ ಎಡಿ ಇಡಬ್ಯಾಡ್ರಿ, ಹೆಸರು ಕರೀಬ್ಯಾಡ್ರಿ,” ಎಂದ ಊರಿನ ಗೌಡ.

ಒಬ್ಬ ಮುದುಕಿ ನಕ್ಕಳು. “ಜೀವ ಇದ್ದಾಗ ನೂರು ಸಲ ಕರದ್ರೂ ಊಟಕ್ಕ ಏಳ್ತಿರ್ಲಿಲ್ಲ ನನ್ನ ಗಂಡ. ಈಗ ಮೂರು ಸಲ ಕರದ್ರ ಓಡಿ ಬರ್ತಾನೇನ್ ಗೌಡಾ?”

“ಈಗ ಬರ್ತಾನ ಯವ್ವಾ. ಅದಕ್ಕೇ ಹೆದರಿಕಿ.”

ಎಲ್ಲರೂ ನಕ್ಕು ಮನೆಗೆ ಹೋದರು. ಗೌಂಡಿಯೂ ಹೋದ. ಸಜ್ಜೆ ರೊಟ್ಟಿ ತಟ್ಟಿದ. ಅದು ಸರಿಯಾಗಿ ದುಂಡಗಾಗಲಿಲ್ಲ. ಮೇಲೆ ಶೇಂಗಾ ಹಿಂಡಿ, ಮೊಸರು ಇಟ್ಟ. ಹೆಂಡತಿ ಕೆಲಸದ ಜಾಗಕ್ಕೆ ಬುತ್ತಿ ತರುತ್ತಿದ್ದಾಗ ಅದರಲ್ಲಿ ಇರುತ್ತಿದ್ದದ್ದೂ ಇದೇ. ಅವನು ಗಚ್ಚು ಮೆತ್ತುವ ಕರಣೆ ಕೆಳಗಿಡದಿದ್ದರೆ, “ಗ್ವಾಡಿ ಏನ್ ಓಡಿ ಹೋಗ್ತೈತಿ? ಮೊದ್ಲು ಉಣ್ಣು,” ಎನ್ನುತ್ತಿದ್ದಳು. ಅವನು ಉಂಡ ಮೇಲೆಯೇ ತಾನು ಉಣ್ಣುತ್ತಿದ್ದಳು.

ಗೌಂಡಿ ಹಿತ್ತಲಿಗೆ ಬಂದ. ಗೋಡೆಯಲ್ಲಿ ತಟ್ಟೆ ಹಿಡಿಯುವಷ್ಟು ಅಗಲದ ಒಂದು ಕಲ್ಲನ್ನು ಹೊರಗೆಳೆದ. ಕಟ್ಟುವಾಗಲೇ ಆ ಒಂದು ಕಲ್ಲಿಗೆ ಗಚ್ಚು ಹಾಕಿರಲಿಲ್ಲ. ಆ ಕಂಡಿಯಲ್ಲಿ ತಟ್ಟೆ ಇಟ್ಟು ಮೂರು ಸಲ ಹೆಂಡತಿಯ ಹೆಸರು ಕರೆದ.

ಒಂದು ಕೈ ಒಳಗೆ ಬಂತು. ತಟ್ಟೆಯನ್ನು ಉರುಳಿಸಿ ಅವನ ಮಣಿಕಟ್ಟು ಹಿಡಿಯಿತು. ಆ ಕೈಯಲ್ಲಿ ಇನ್ನೂ ಎರಡು ಹಸಿರು ಬಳೆ ಉಳಿದಿದ್ದವು. ಗೌಂಡಿ ಬಿಡಿಸಿಕೊಳ್ಳಲಿಲ್ಲ. ಪಕ್ಕದ ಮನೆಯವರು ನೋಡಿ, ಓಡಿ ಬಂದು ಅವನನ್ನು ಎಳೆದು ಕಲ್ಲು ತುರುಕಿದರು.

ಊರು ಸೇರಿತು. ಇಂಥವನನ್ನು ಗೋಡೆಯ ಆಚೆಗೆ ಹಾಕಬೇಕೆಂದು ಕೂಗು ಎದ್ದಿತು. ಆಚೆಗೆ ಹಾಕಿದರೆ ಅವನು ಉಳಿಯುವಂತಿರಲಿಲ್ಲ.

“ಹೋಗ್ತೀನಿ,” ಎಂದ ಗೌಂಡಿ. “ಅದಕ್ಕೂ ಮೊದ್ಲು ಗ್ವಾಡಿ ಪೂರ್ತಿ ಬಡದು ನೋಡಾಮು. ಮತ್ತೆಲ್ಲೆರ ಸಡ್ಲ ಇದ್ರ ಗಚ್ಚು ಹಾಕಿ ಹೋಗ್ತೀನಿ. ಕಟ್ಟಿದಾವ ನಾನಲ್ಲೇನ್?”

ಸುತ್ತಿಗೆ ಹಿಡಿದು ಹಿತ್ತಲಿನಿಂದ ಹಿತ್ತಲಿಗೆ ನಡೆದ. ಊರೆಲ್ಲ ಹಿಂದೆ ಬಂತು. ಗೌಡನ ಹಿತ್ತಲಲ್ಲಿ ಒಂದು ಕಲ್ಲು ಅಲುಗಿತು. ಸುತ್ತಲಿನ ಗಚ್ಚನ್ನು ಯಾರೋ ಮೊಳೆಯಿಂದ ಕೆರೆದು ತೆಗೆದಿದ್ದರು. ಗೌಡ ನೆಲ ನೋಡಿದ. ಕಚ್ಚಿಸಿಕೊಂಡ ಅವನ ಮಗಳು ಗೋಡೆಯ ಹೊರಗಿದ್ದಳು. ಮುಂದಿನ ಮನೆಯಲ್ಲೂ ಒಂದು ಕಲ್ಲು ಅಲುಗಿತು. ಅದರ ಮುಂದಿನ ಮನೆಯಲ್ಲೂ. ಮುದುಕಿಯ ಹಿತ್ತಲಿನ ಸಡಿಲ ಕಲ್ಲು ನೆಲದಿಂದ ಮೊಳದೆತ್ತರದಲ್ಲಿತ್ತು. ಕುಳಿತು ಕೆರೆದಿದ್ದಳು. ಮೂವತ್ತು ಮನೆಯಲ್ಲಿ ಮೂವತ್ತು ಕಲ್ಲು.

ಗೌಂಡಿಯನ್ನು ಆಚೆಗೆ ಹಾಕುವ ಮಾತು ಮತ್ತೆ ಏಳಲಿಲ್ಲ. ಗೌಡ ಸುಣ್ಣ ಅರೆಸಿ ಗಚ್ಚು ಕಲೆಸಿಟ್ಟ. ತಂತಮ್ಮ ಹಿತ್ತಲಿನ ಕಲ್ಲಿಗೆ ತಾವೇ ಬಂದು ಒಯ್ಯಲಿ ಎಂದ. ನೆರೆಮನೆಯವರು ಮೊದಲು ಒಯ್ಯಲಿ ಎಂದು ಪ್ರತಿಯೊಬ್ಬರೂ ಕಾದರು. ಗಚ್ಚು ಇದ್ದಲ್ಲೇ ಗಟ್ಟಿಯಾಯಿತು.

ಹಿಂಗಾರಿನ ದೊಡ್ಡ ಮಳೆಗೆ ಗೋಡೆ ಬಿತ್ತು. ಮೂವತ್ತು ಕಡೆ ಬಿತ್ತು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು.

“ದಡ್ಡರು ರೀ ಅಜ್ಜಾರ! ಸತ್ತವರು ಸತ್ತರು. ನಾನಾಗಿದ್ರ ನಿಂತ ಕಾಲ ಮ್ಯಾಲ ಎಲ್ಲಾ ಮುಚ್ಚಿಸ್ತಿದ್ದೆ.”

ಗುರುಗಳು ಎದ್ದು ಬಾಗಿಲಿಗೆ ಬಂದು ತಮ್ಮ ಪಾದುಕೆ ಮೆಟ್ಟಿದರು. ಪಕ್ಕದ ಹಳೆಯ ಚಪ್ಪಲಿಯನ್ನು ನೋಡಿ ಕೇಳಿದರು:

“ನಿಮ್ಮಪ್ಪ ಹೋಗಿ ಮೂರು ವರ್ಷ ಆತು ತಮ್ಮಾ, ಈ ಚಪ್ಪಲಿಗೆ ಇನ್ನೂ ಎಣ್ಣಿ ಹಚ್ಚಾವ್ರು ಯಾರು?”