ಹೊಟ್ಟೆಯ ಹುಣ್ಣು ಅಂಚಿನಿಂದ ಮಾಯುವುದೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಮೊದಲ ಮನುಷ್ಯನಿಗೆ ಆಗಷ್ಟೇ ಹಸಿವು ಎಂದರೇನೆಂದು ಗೊತ್ತಾಗಿತ್ತು. ಅವನ ಹೊಟ್ಟೆಯೊಳಗೆ ಸಾರಿಸುವವರು ಇದ್ದರು. ಕಣ್ಣಿಗೆ ಕಾಣದಷ್ಟು ಚಿಕ್ಕವರು. ಈಗ ನಾವು ಅವರನ್ನು ಜೀವಕೋಶ ಅನ್ನುತ್ತೇವೆ. ಅವರೆಲ್ಲ ಭುಜಕ್ಕೆ ಭುಜ ತಾಗಿಸಿ ನಿಂತರೆ ಅದೇ ಹೊಟ್ಟೆಯ ಗೋಡೆ.

ಅವರಲ್ಲಿ ನೀಲವ್ವ ಹಿರಿಯಳು. ಅವಳದು ಒಂದೇ ಕೆಲಸ, ಗೋಡೆಗೆ ಲೋಳೆ ಸಾರಿಸುವುದು. ಬೆಳಿಗ್ಗೆಯೂ ಸಾರಿಸಬೇಕು, ಸಂಜೆಯೂ ಸಾರಿಸಬೇಕು. ಯಾಕೆಂದರೆ ಆ ಮನೆಯ ನಡುವೆ ಕತ್ತರಿಯಣ್ಣ ಇದ್ದ. ಕಿಣ್ವಗಳ ಮನೆತನದವನು. ಹೊಟ್ಟೆಯಲ್ಲೇ ಊರುವ ಆಮ್ಲ, ಅಂದರೆ ಹುಳಿನೀರು, ಸೋಕುವವರೆಗೆ ಮಲಗಿರುತ್ತಿದ್ದ. ಸೋಕಿತೋ, ಎದ್ದು ಬೇಳೆ, ಮೀನು, ಮಾಂಸ ಎಲ್ಲವನ್ನೂ ಕಚಕಚ ಕತ್ತರಿಸುತ್ತಿದ್ದ. ಒಳ್ಳೆಯ ಕೆಲಸಗಾರನೇ. ಆದರೆ ಊಟ ಯಾವುದು, ಮನೆ ಯಾವುದು ಅಂತ ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ, ಪಾಪ.

ಸಾರಿಸುವವರ ಮಡಿಲಲ್ಲೂ ಒಂದೊಂದು ಪುಟ್ಟ ಕತ್ತರಿ ಇರುತ್ತಿತ್ತು. ಅದೂ ಕಿಣ್ವವೇ. ಮೈ ಸವೆದಾಗ "ಹೊರಡವ್ವಾ" ಎಂದು ಕರೆ ಬರುತ್ತಿತ್ತು. ಕರೆ ಬಂದವಳು ಆ ಕತ್ತರಿ ತೆಗೆದು ತನ್ನ ಹೊಲಿಗೆಯನ್ನು ತಾನೇ ಬಿಚ್ಚಿಕೊಂಡು ಸದ್ದಿಲ್ಲದೆ ಹೋಗುತ್ತಿದ್ದಳು. ಅವಳ ಜಾಗಕ್ಕೆ ಎಳೆಯವಳು ಬರುತ್ತಿದ್ದಳು. ಕರೆ ಬಂದ ಮೇಲೆ ಹಿಂದೆ ತಿರುಗಿ ನೋಡುವುದು ಅವರಲ್ಲಿ ಮರ್ಯಾದೆಯಲ್ಲ.

ಒಂದು ದಿನ ಕುಡಿಯುವ ನೀರಿನ ಜೊತೆ ಸುರುಳಿ ಎಂಬ ಹುಳು, ಈಗ ನಾವು ಬ್ಯಾಕ್ಟೀರಿಯಾ ಅನ್ನುವ ಜಾತಿಯದು, ಒಳಗೆ ಬಂತು. ಲೋಳೆಯ ಅಡಿಗೆ ನುಸುಳಿತು. ಅದಕ್ಕೆ ಜಾಗ ಬೇಕಿತ್ತು. ಅದು ಕರೆಯ ದನಿಯನ್ನೇ ಕಲಿತು, "ಹೊರಡವ್ವಾ, ಹೊರಡವ್ವಾ" ಎಂದು ಕೂಗಿತು.

ಸಾರಿಸುವವರು ಮರ್ಯಾದಸ್ಥರು. ಒಬ್ಬಳೂ ಹಿಂದೆ ನೋಡಲಿಲ್ಲ. ನಡುವಿದ್ದವರೆಲ್ಲ ಒಟ್ಟಿಗೇ ಹೊಲಿಗೆ ಬಿಚ್ಚಿಕೊಂಡು ಹೊರಟರು. ಎಳೆಯರಿನ್ನೂ ಬೆಳೆದಿರಲಿಲ್ಲ. ಗೋಡೆಯ ನಡುವೆ ಬಯಲಾಯಿತು. ಕತ್ತರಿಯಣ್ಣ ಅದನ್ನೂ ಊಟವೆಂದುಕೊಂಡು ಕತ್ತರಿಸತೊಡಗಿದ. ಮೊದಲ ಮನುಷ್ಯ ಹೊಟ್ಟೆ ಹಿಡಿದುಕೊಂಡು ಕೂತ.

ಬಯಲಿನ ಅಂಚಿನಲ್ಲಿದ್ದ ನೀಲವ್ವನಿಗೂ ಕರೆ ಕೇಳಿಸಿತು. ಕತ್ತರಿ ಕೈಗೆ ಬಂದಿತ್ತು. ಆದರೆ ಯಾಕೋ ಮನಸ್ಸು ತಡೆಯದೆ ಹಿಂದೆ ತಿರುಗಿದಳು. ಅಲ್ಲಿ ಮೊಮ್ಮಗಳು ಹೂವಿ, ಅವಳ ಮೊಣಕಾಲಷ್ಟೂ ಎತ್ತರವಿಲ್ಲ.

"ಯಮ್ಮಾ, ಕರದ್ರಲ್ಲ, ಹೋಗೂದಿಲ್ಲೇನು?"

"ನೀ ನಿಲ್ಲೂತನಕ ಎಲ್ಲಿ ಹೋಗ್ಲೆವ್ವಾ."

"ಮರ್ಯಾದಿ ಹೋಗ್ತದಂತ."

"ಹೋದ್ರ ಹೋಗ್ಲಿ. ಮನಿ ಉಳೀಲಿ."

ಆಮೇಲೆ ಹುಳಿನೀರನ್ನು ಕರೆದು, "ಏ ತಮ್ಮಾ, ಸ್ವಲ್ಪ ದಿನ ದೂರ ಇರು. ಮನಿ ತೂತಾದ್ರ ನೀನೂ ಹೊರಗ ಚೆಲ್ಲಿ ಹೋಗ್ತಿ" ಅಂದಳು. ಹುಳಿನೀರು ಯೋಚಿಸಿತು. ಮಾತು ನಿಜವೇ. ಅದು ಹಿಂದೆ ಸರಿಯಿತು, ಕತ್ತರಿಯಣ್ಣ ಆಕಳಿಸಿ ಮಲಗಿದ. ಸುರುಳಿ ಮಾತ್ರ ಲೋಳೆಯ ಮರೆಯಲ್ಲಿ ಅಡಗಿ ಕೂತಿತು.

ನೀಲವ್ವನ ಮೈ ಉರಿಯುತ್ತಿತ್ತು. ಆದರೂ ಅಂಚು ಬಿಟ್ಟು ಕದಲಲಿಲ್ಲ. ಹೂವಿ ಬೆಳೆದಳು, ಬಯಲಿನೊಳಕ್ಕೆ ಒಂದು ಹೆಜ್ಜೆ ಇಟ್ಟು ನಿಂತಳು. ಅವಳ ಭುಜ ಹಿಡಿದು ಇನ್ನೊಬ್ಬಳು, ಅವಳ ಭುಜ ಹಿಡಿದು ಮತ್ತೊಬ್ಬಳು. ಬಯಲು ಸುತ್ತಲಿಂದ ಕಿರಿದಾಗುತ್ತಾ ಬಂತು.

"ಇನ್ನ ಬರ್ತೀನವ್ವಾ" ಎಂದು ನೀಲವ್ವ ಕತ್ತರಿ ತೆಗೆದಳು. ಹೂವಿಗೆ ತುಂಬಾ ದುಃಖವಾಯಿತು. ಅತ್ತಳು. ಅಳುತ್ತಲೇ ಲೋಳೆ ಸಾರಿಸಿದಳು, ಸಾರಿಸುವ ಹೊತ್ತಾಗಿತ್ತಲ್ಲ.

ಅದಕ್ಕೇ ಇವತ್ತು ಅಜ್ಜನ ಹೊಟ್ಟೆಯಲ್ಲಿ ಹುಣ್ಣಾದರೆ ಡಾಕ್ಟರು ಹುಳಿನೀರು ದೂರ ಇರಲೆಂದು ಒಂದು ಮಾತ್ರೆ, ಸುರುಳಿ ಓಡಲೆಂದು ಬೇರೆ ಮಾತ್ರೆ ಕೊಟ್ಟು, ಅರ್ಧಕ್ಕೆ ಬಿಡಬೇಡಿ ಅನ್ನುತ್ತಾರೆ. ನಿನ್ನ ಮೊಣಕಾಲಿನ ಗಾಯವನ್ನೂ ನೋಡು, ಅದು ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬರುತ್ತದೆ; ಆ ಅಂಚಿನಲ್ಲಿ ಯಾವಳೋ ಒಬ್ಬ ಅಜ್ಜಿ, ಮೊಮ್ಮಗಳು ನಿಲ್ಲುವವರೆಗೆ ಕಾಯುತ್ತಿರುತ್ತಾಳೆ.