ತುಂಡು ಸರಳಿನ ಸನ್ಮಾನ

ಆಳೆತ್ತರದ ಪಿಟೀಲಿನಂತಿರುವ ಡಬಲ್ ಬೇಸ್ ಎಂಬ ವಾದ್ಯವನ್ನು ಸಂಗೀತ ಕಚೇರಿಗೆ ಉರುಳಿಸಿಕೊಂಡು ಹೋಗುವ ಚಕ್ರವೊಂದಿತ್ತು. ಅದನ್ನು ವಾದ್ಯಕ್ಕೆ ಜೋಡಿಸುವ ಸರಳು ಮುರಿದು, ಚಕ್ರದ ತೂತಿನಲ್ಲಿ ಅದರ ತುಂಡೊಂದು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಹೊಸ ಸರಳಿಗೆ ಜಾಗವಿಲ್ಲದೆ ವಾದ್ಯ ಹೊರಡುವಂತೆಯೇ ಇರಲಿಲ್ಲ.

"ಜಾಗ ಬಿಡು!" ಎಂದು ಸುತ್ತಿಗೆ ಬಡಿಯಿತು.

"ನಾನು ಬಿಟ್ಟರೆ ಈ ಚಕ್ರದ ಗತಿಯೇನು?" ಎಂದು ತುಂಡು ಇನ್ನಷ್ಟು ಬಿಗಿದುಕೊಂಡಿತು.

ಆಗ ಎಣ್ಣೆ ಮೆಲ್ಲಗೆ ಇಳಿದು ಬಂದು, "ಸ್ವಾಮಿ, ತಮ್ಮ ಸೇವೆಗೆ ಹೊರಗೆ ಸನ್ಮಾನ ಇಟ್ಟುಕೊಂಡಿದ್ದೇವೆ. ಶಾಲು ಕಾಯುತ್ತಿದೆ," ಎಂದಿತು.

ಸುತ್ತಿಗೆಗೆ ಜಗ್ಗದ ತುಂಡು ತಾನಾಗಿಯೇ ಜಾರಿ ಹೊರಬಂತು. ಒರೆಸುವ ಬಟ್ಟೆ ಅದನ್ನು ಸುತ್ತಿಕೊಂಡು ಗುಜರಿ ಡಬ್ಬಿಗೆ ಬಿತ್ತು. ತುಂಡು ಆ ಬಟ್ಟೆಯನ್ನೇ ಶಾಲಿನಂತೆ ಹೊದ್ದು, ಭಾಷಣಕ್ಕೆ ಗಂಟಲು ಸರಿಮಾಡಿಕೊಂಡಿತು.

"ಕೂತುಕೊಳ್ಳಿ ಸ್ವಾಮಿ," ಎಂದಿತು ಮೂಲೆಯ ಹಳೆಯ ಬೋಲ್ಟು. "ಇಲ್ಲಿರುವವರೆಲ್ಲ ಸನ್ಮಾನಿತರೇ. ಕೇಳುವವರು ಯಾರೂ ಇಲ್ಲ."