ಗಂಡು ಗಿನಿಪಿಗ್ಗೇ ಬೇಕೆಂದ ಕಾರ್ಪೊರೇಟರ್

ಹೆಣ್ಣುಮಕ್ಕಳನ್ನು ಉಳಿಸಿ ಎಂದು ಊರೆಲ್ಲ ಭಾಷಣ ಬಿಗಿಯುವ ಕಾರ್ಪೊರೇಟರ್ ವೀರಭದ್ರಪ್ಪ, ಹೆಂಡತಿ ಸಮೇತ ಸಾಕುಪ್ರಾಣಿ ಅಂಗಡಿಗೆ ನುಗ್ಗಿದ.

"ಗಿನಿಪಿಗ್ ಜೋಡಿ ಕೊಡು. ಎರಡೂ ಗಂಡೇ ಆಗಬೇಕು. ಈಗಲೇ ಕೊಡದಿದ್ದರೆ ಅಂಗಡಿ ಮುಚ್ಚಿಸ್ತೀನಿ!"

ಅಂಗಡಿ ಕೆಲಸದ ಹುಲಿಗೆಮ್ಮ ಗೂಡಿನತ್ತ ನೋಡಿದಳು. ಗೂಡಿನಲ್ಲಿ ಉಳಿದಿದ್ದವು ಎರಡೂ ಹೆಣ್ಣೇ. ಅಂಗಡಿ ಮುಚ್ಚಿದರೆ ಅವಳ ಮನೆಯ ಒಲೆಯೂ ಆರುತ್ತದೆ.

"ಗಂಡೇ ಕೊಡೋಣ ಸಾಹೇಬ್ರೇ. ಆದರೆ ಗಂಡು ಗಂಡು ಒಂದೇ ಕಡೆ ಸೇರಿದರೆ ಕಚ್ಚಾಡ್ತಾವೆ. ಒಂದೇ ಯಜಮಾನ ಆಗೋದು, ಉಳಿದವು ತಲೆ ತಗ್ಗಿಸಬೇಕು. ನಿಮ್ಮ ಮನೇಲಿ ಆಗಲೇ ನೀವಿದ್ದೀರಲ್ಲ! ತಗ್ಗೋರು ಯಾರು?"

ಹೆಂಡತಿ ಸೆರಗು ಬಾಯಿಗೊತ್ತಿ ನಕ್ಕಳು. ವೀರಭದ್ರಪ್ಪ ಮೀಸೆ ತಿರುವಿದ.

"ನಮ್ಮ ಮನೇಲಿ ಗಂಡು ನಾನೊಬ್ಬನೇ! ಹೆಣ್ಣನ್ನೇ ಕೊಡು."

ಗೂಡು ಎತ್ತಿಕೊಂಡ ಹೆಂಡತಿ ಬಾಗಿಲಲ್ಲೇ ಹೇಳಿದಳು: "ಇನ್ನು ಮನೇಲಿ ಓಟಿಗೆ ಹಾಕಿದರೆ ನಾವು ಮೂವರು, ನೀವೊಬ್ಬರು. ನಡೀರಿ!"